ಬಿಸಾಡಿದ ಮೇಲೂ ಮುಗಿಯದ ಬಿಲ್ಲು

ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟ, ನಳಿಕೆಗಳನ್ನು ತೊಳೆದು ಮತ್ತೆ ಬಳಸಬೇಕೋ, ಒಮ್ಮೆ ಬಳಸಿ ಎಸೆಯಬೇಕೋ? ರೋಗಿಯ ಸುರಕ್ಷತೆಗಿಂತ ಮೊದಲು ಇದನ್ನು ತೀರ್ಮಾನಿಸುವುದು ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಲೆಕ್ಕ.

ಗುಂಡ್ಲುಪೇಟೆಯಿಂದ ಹೊರಟ ವಾಹನ ಮದ್ದೂರು ಚೆಕ್‌ಪೋಸ್ಟ್ ದಾಟಿ, ಬಂಡೀಪುರದ ಕಾಡು ಹೊಕ್ಕು, ಮೂಲೆಹೊಳೆಯಲ್ಲಿ ಕರ್ನಾಟಕವನ್ನು ಬಿಟ್ಟರೆ ಕೇರಳದ ಬದಿಯಲ್ಲಿ ಮೊದಲು ಸಿಗುವ ಊರು ಪೊನ್ಕುಳಿ. ರಸ್ತೆಬದಿಯಲ್ಲಿ ರಾಮನ ಗುಡಿ, ಸೀತೆಯ ಗುಡಿ, ತಪಾಸಣೆಗೆ ನಿಂತ ಲಾರಿಗಳ ಸಾಲು. 2009ರಿಂದ ಈ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ.

ಹಗಲಿನಲ್ಲಿ ಗುಂಡ್ಲುಪೇಟೆ ಸೀಮೆಯ ತರಕಾರಿ, ಚೆಂಡುಹೂವು ಇದೇ ದಾರಿಯಲ್ಲಿ ಕೇರಳಕ್ಕೆ ಹೋಗುತ್ತವೆ. ವಾಪಸಾಗುವ ಲಾರಿಗಳೆಲ್ಲ ಖಾಲಿ ಬರುವುದಿಲ್ಲ. ಪ್ಲಾಸ್ಟಿಕ್ ಕಸದ ನಡುವೆ ಬಳಸಿದ ಕೈಗವಸು, ಸಿರಿಂಜು, ಡ್ರಿಪ್ಪಿನ ನಳಿಕೆ ತುಂಬಿಕೊಂಡು ಬಂದ ಲಾರಿಗಳನ್ನು ಗಡಿಯಲ್ಲಿ ಹಿಡಿದ ಸುದ್ದಿಯನ್ನು ಚಾಮರಾಜನಗರ, ಮೈಸೂರು ಜಿಲ್ಲೆಗಳ ಓದುಗರು ಕೆಲವು ವರ್ಷಗಳಿಂದ ಓದುತ್ತಲೇ ಇದ್ದಾರೆ. ತಮಿಳುನಾಡಿನ ತಿರುನೆಲ್ವೇಲಿಯಲ್ಲೂ ಹೀಗೇ ಆಯಿತು. 2024ರ ಡಿಸೆಂಬರಿನಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಕೇರಳದ ಆಸ್ಪತ್ರೆಗಳ ತ್ಯಾಜ್ಯ ಸುರಿದಿದ್ದು ಬಯಲಾದಾಗ, ಹಸಿರು ನ್ಯಾಯಮಂಡಳಿಯ ಆದೇಶದ ಮೇರೆಗೆ ಕೇರಳದವರೇ ಲಾರಿ ತಂದು ಅದನ್ನು ತುಂಬಿಕೊಂಡು ಹೋಗಬೇಕಾಯಿತು.

ಆ ಕೈಗವಸೂ ಆ ನಳಿಕೆಯೂ ಒಂದು ಕಾಲಕ್ಕೆ ಆಸ್ಪತ್ರೆಯ ಬಿಲ್ಲಿನಲ್ಲಿ ಒಂದೊಂದು ಸಾಲಾಗಿದ್ದವು. ಒಮ್ಮೆ ಬಳಸಿ ಬಿಸಾಡುವ ವಸ್ತು ಸುರಕ್ಷಿತ, ಶುಚಿ, ಆಧುನಿಕ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ತೊಳೆದು ಬಳಸುವುದೆಂದರೆ ಬಡ ಆಸ್ಪತ್ರೆಯ ಲಕ್ಷಣ ಎಂಬುದೂ ಅಷ್ಟೇ ಬಲವಾಗಿದೆ. ಎರಡನ್ನೂ ಕೊಂಚ ಬಿಡಿಸಿ ನೋಡುವುದು ಒಳ್ಳೆಯದು.

ಕೀಲಿನೊಳಗಿನ ರಕ್ತ

ಮೊದಲು ತೊಳೆಯುವ ಕೆಲಸವನ್ನು ನೋಡೋಣ. ಸಿಸೇರಿಯನ್ ಮುಗಿದ ಮೇಲೆ ಟ್ರೇಯಲ್ಲಿ ಹತ್ತಾರು ಉಪಕರಣಗಳು ಉಳಿಯುತ್ತವೆ: ಆರ್ಟರಿ ಫೋರ್ಸೆಪ್ಸ್, ಸೂಜಿ ಹಿಡಿಯುವ ಹೋಲ್ಡರ್, ಕತ್ತರಿಗಳು, ಹೊಟ್ಟೆಯ ಅಂಚನ್ನು ಎಳೆದು ಹಿಡಿಯುವ ರಿಟ್ರಾಕ್ಟರ್. ಫೋರ್ಸೆಪ್ಸ್‌ನ ಎರಡು ತೋಳು ಸೇರುವಲ್ಲಿ ಒಂದು ಕೀಲಿದೆ. ರಕ್ತ ಕೂತು ಒಣಗುವುದು ಅಲ್ಲೇ, ತುದಿಯ ಗೀರುಗೀರಾದ ಹಲ್ಲುಗಳ ನಡುವೆಯೂ ಅಷ್ಟೇ. ಅರ್ಧ ಗಂಟೆ ಹಾಗೇ ಬಿಟ್ಟರೆ ಅದನ್ನು ಕೀಳಲು ಬ್ರಷ್ಷು ಹಿಡಿದು ಒದ್ದಾಡಬೇಕು. ಆದ್ದರಿಂದ ಉಪಕರಣವನ್ನು ಬಾಯಿ ತೆರೆದು ಎಂಜೈಮ್ ದ್ರಾವಣದಲ್ಲಿ ನೆನೆಸಬೇಕು, ನೀರಿನ ಕೆಳಗೇ ಬ್ರಷ್ಷಿನಿಂದ ಉಜ್ಜಬೇಕು, ಒಣಗಿಸಬೇಕು, ಕೀಲಿಗೆ ಎಣ್ಣೆಯ ಅಂಶ ಕೊಡಬೇಕು. ಆಮೇಲೆ ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಟೇಪು ಅಂಟಿಸಿ, ತಾರೀಖು ಬರೆದು ಆಟೋಕ್ಲೇವಿಗೆ ಇಡಬೇಕು.

ಆಟೋಕ್ಲೇವ್ ಎಂದರೆ ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ದೊಡ್ಡಣ್ಣ. 1679ರಲ್ಲಿ ಡೆನಿಸ್ ಪ್ಯಾಪಿನ್ ಮಾಡಿದ ಆವಿಯ ಪಾತ್ರೆಯಿಂದ ಎರಡೂ ಹುಟ್ಟಿದವು. ಪಾಶ್ಚರ್ ಬಳಗದ ಚಾರ್ಲ್ಸ್ ಶಾಂಬರ್ಲಾಂಡ್ 1879ರಲ್ಲಿ ಅದನ್ನು ರೋಗಾಣು ಕೊಲ್ಲುವ ಯಂತ್ರವಾಗಿ ರೂಪಿಸಿದ. 121 ಡಿಗ್ರಿ ಸೆಲ್ಸಿಯಸ್ ಆವಿಯಲ್ಲಿ ನಿಗದಿತ ಹೊತ್ತು ಇಟ್ಟರೆ, ಕುದಿಯುವ ನೀರಿನಲ್ಲಿ ಸಾಯದ ಬೀಜಾಣುಗಳೂ ಸಾಯುತ್ತವೆ. ಪೊನ್ಕುಳಿ ಇರುವ ವಯನಾಡು ಜಿಲ್ಲೆಯ ಬಹುಭಾಗ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಮೈಸೂರು, ಬೆಂಗಳೂರುಗಳೂ ಹಾಗೆಯೇ. ಇಲ್ಲೆಲ್ಲ ನೀರು 100 ಡಿಗ್ರಿ ಮುಟ್ಟುವ ಮೊದಲೇ, 97–98ಕ್ಕೇ ಕುದಿಯುತ್ತದೆ. ಒತ್ತಡದ ಮುಳ್ಳು 15 ಪೌಂಡ್ ತೋರಿಸುತ್ತಿದ್ದರೂ ಒಳಗಿನ ಶಾಖ ಕರಾವಳಿಯಲ್ಲಿರುವುದಕ್ಕಿಂತ ಒಂದೆರಡು ಡಿಗ್ರಿ ಕಡಿಮೆಯಿರುತ್ತದೆ. ಮುಳ್ಳನ್ನಷ್ಟೇ ನೋಡಿ ಯಂತ್ರ ನಡೆಸುವವರು ಗಮನಿಸಬೇಕಾದ ಸಂಗತಿಯಿದು.

ಗಂಟಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಆ ಗೆರೆ ಹೇಳುವುದು ಗಂಟಿನ ಹೊರಮೈಗೆ ಶಾಖ ತಾಕಿದೆ ಎಂದಷ್ಟೇ. ಆವಿ ಒಳಗಿನವರೆಗೆ ಹೋಯಿತೇ ಎಂದು ತಿಳಿಯಲು ಗಂಟಿನೊಳಗೆ ರಾಸಾಯನಿಕ ಸೂಚಕ ಇಡಬೇಕು. ಶಾಖಕ್ಕೆ ಸುಲಭವಾಗಿ ಬಗ್ಗದ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಒಳಗಿಟ್ಟು, ಅವು ಸತ್ತವೇ ಎಂದು ಆಗಾಗ ಪರೀಕ್ಷಿಸಬೇಕು. ಇಷ್ಟೆಲ್ಲ ಮಾಡಿದರೂ ಕೀಲಿನಲ್ಲಿ ರಕ್ತ ಉಳಿದಿದ್ದರೆ ಅದರ ಮರೆಯಲ್ಲಿರುವ ರೋಗಾಣುವಿಗೆ ಆವಿ ತಲುಪುವುದಿಲ್ಲ. ಕೊಳೆ ಹೋಗದ ಉಪಕರಣವನ್ನು ಯಾವ ಯಂತ್ರವೂ ಶುದ್ಧ ಮಾಡಲಾರದು.

ಹೀಗಾಗಿ ಉಕ್ಕಿನ ಉಪಕರಣದ ಖರ್ಚಿನ ಲೆಕ್ಕ ವಿಚಿತ್ರವಾಗಿ ಬರುತ್ತದೆ. ಒಳ್ಳೆಯ ಫೋರ್ಸೆಪ್ಸ್ ವರ್ಷಗಟ್ಟಲೆ ಬಾಳುತ್ತದೆ. ಕೊಂಡ ಬೆಲೆಯನ್ನು ಅದು ಕಂಡ ಆಪರೇಷನ್‌ಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವ ಪಾಲು ಚಿಲ್ಲರೆ. ತೊಳೆಯುವ ಖರ್ಚು ಮಾತ್ರ ಪ್ರತಿ ಸಲವೂ ಹೊಸದಾಗಿ ಬರುತ್ತದೆ: ನೀರು, ಕರೆಂಟು, ದ್ರಾವಣ, ಸೂಚಕ, ಎಲ್ಲಕ್ಕಿಂತ ಹೆಚ್ಚಾಗಿ ತೊಳೆಯುವವರ ಸಂಬಳ. ಆಟೋಕ್ಲೇವ್ ತುಂಬಿ ಓಡಿದರೂ ಅರ್ಧ ಖಾಲಿ ಓಡಿದರೂ ಖರ್ಚು ಹೆಚ್ಚುಕಡಿಮೆ ಒಂದೇ. ದಿನಕ್ಕೆ ಇಪ್ಪತ್ತು ಆಪರೇಷನ್ ನಡೆಯುವಲ್ಲಿ ತೊಳೆಯುವುದು ಅಗ್ಗ, ವಾರಕ್ಕೆ ಎರಡು ನಡೆಯುವಲ್ಲಿ ದುಬಾರಿ. ಎಲ್ಲ ಆಸ್ಪತ್ರೆಗೂ ಸರಿಹೊಂದುವ ಒಂದೇ ಉತ್ತರ ಈ ಪ್ರಶ್ನೆಗೆ ಸಿಗದಿರಲು ಮೊದಲ ಕಾರಣ ಇದು.

ಹೊಸ ಪ್ಯಾಕೆಟ್ಟಿನ ಮೇಲಿನ ನಂಬಿಕೆ

ಹಾಗಾದರೆ ಎಲ್ಲವನ್ನೂ ಮುಚ್ಚಿದ ಪ್ಯಾಕೆಟ್ಟಿನಿಂದ ತೆಗೆದು, ಬಳಸಿ, ಎಸೆದರಾಯಿತಲ್ಲ? 2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ 24 ಮಂದಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ ಹಲವರ ಕಣ್ಣಿಗೆ ಸೋಂಕು ತಗುಲಿತು, ಕೆಲವರು ದೃಷ್ಟಿ ಕಳೆದುಕೊಂಡರು. ತನಿಖೆಯ ಬೆರಳು ಹೋಗಿ ನಿಂತದ್ದು ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ತುಂಬುವ ಜೆಲ್‌ನಂಥ ದ್ರಾವಣದ ಮೇಲೆ. ಅದರಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇತ್ತೆಂದು ಪರೀಕ್ಷಾ ವರದಿ ಹೇಳಿತು. ಕಾರ್ಖಾನೆಯಿಂದ ಮುಚ್ಚಿಕೊಂಡು ಬಂದ ಸಾಮಗ್ರಿಯದು.

ಐದು ವರ್ಷದ ಬಳಿಕ, 2024ರ ನವೆಂಬರಿನಲ್ಲಿ, ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಈ ಸಲ ಅನುಮಾನ ಹೊರಳಿದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಕಾರ್ಖಾನೆಯಲ್ಲಿ ಒಂದು ಬ್ಯಾಚು ಕೆಟ್ಟರೆ ಅದೇ ದೋಷ ನೂರಾರು ಪ್ಯಾಕೆಟ್ಟುಗಳಲ್ಲಿ ಕೂತು ಹತ್ತಾರು ಆಸ್ಪತ್ರೆಗಳಿಗೆ ಹರಡುತ್ತದೆ. ಆಸ್ಪತ್ರೆಯ ತೊಳೆಯುವ ಕೋಣೆಯಲ್ಲಿ ತಪ್ಪಾದರೆ ಸಿಟ್ಟು ಮಾಡಿಕೊಳ್ಳಲು ಕಣ್ಣೆದುರು ಒಂದು ಮುಖವಾದರೂ ಇರುತ್ತದೆ. ಪ್ಯಾಕೆಟ್ಟಿನೊಳಗಿನ ತಪ್ಪು ಯಾವುದೋ ದೂರದ ಊರಿನದು, ಸಾವು ಸಂಭವಿಸಿ ಪ್ರಯೋಗಾಲಯದ ವರದಿ ಬರುವವರೆಗೆ ಯಾರಿಗೂ ಕಾಣುವುದಿಲ್ಲ.

ಇಂಗ್ಲೆಂಡಿನ ಅನುಭವ ಇನ್ನಷ್ಟು ಪಾಠ ಹೇಳುವಂಥದ್ದು. ಹುಚ್ಚು ಹಸು ರೋಗಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಮಾಮೂಲಿ ಆಟೋಕ್ಲೇವಿಗೆ ಸುಲಭವಾಗಿ ಜಗ್ಗುವುದಿಲ್ಲ. ಟಾನ್ಸಿಲ್‌ನಲ್ಲಿ ಅದು ಇರಬಹುದೆಂಬ ಭಯದಿಂದ 2001ರ ಜನವರಿಯಲ್ಲಿ ಅಲ್ಲಿನ ಆರೋಗ್ಯ ಇಲಾಖೆ, ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಒಮ್ಮೆ ಬಳಸಿ ಎಸೆಯುವ ಉಪಕರಣಗಳನ್ನೇ ಬಳಸಬೇಕೆಂದಿತು. ತರಾತುರಿಯಲ್ಲಿ ಕೊಂಡ ಅಗ್ಗದ ಉಪಕರಣಗಳು ಶಸ್ತ್ರವೈದ್ಯರ ಕೈಗೆ ಒಗ್ಗಲಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ರಕ್ತಸ್ರಾವ ಹೆಚ್ಚಿತು, ಸಾವಿನ ವರದಿಯೂ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡ್ ತೊಳೆದು ಬಳಸುವ ಉಪಕರಣಗಳಿಗೆ ಮರಳಿತು. ಎಂದೋ ಬರಬಹುದಾದ ಅಪಾಯಕ್ಕೆ ಹೆದರಿ ಮಾಡಿದ ಏರ್ಪಾಡು ಆ ವರ್ಷವೇ ಬೇರೆ ಅಪಾಯ ತಂದಿತ್ತು. ಉಪಕರಣ ತೊಳೆಯುವ ವ್ಯವಸ್ಥೆಯ ಸುಧಾರಣೆಗೆ ಅದೇ ಸರ್ಕಾರ 20 ಕೋಟಿ ಪೌಂಡ್ ತೆಗೆದಿಟ್ಟಿದ್ದು ಹೆಚ್ಚು ಬಾಳಿಕೆಯ ಕೆಲಸವಾಯಿತು.

83 ಹೆಂಗಸರು, ಒಂದು ದುರ್ಬೀನು

ಇಷ್ಟು ಹೇಳಿದ ಮಾತ್ರಕ್ಕೆ ತೊಳೆಯುವುದೇ ಮೇಲು ಎಂದಾಗುವುದಿಲ್ಲ. ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ 2014ರ ನವೆಂಬರ್ 8ರಂದು ಸಂತಾನಹರಣ ಶಿಬಿರ ನಡೆಯಿತು. ಒಬ್ಬ ಶಸ್ತ್ರವೈದ್ಯರು, ಹೊಟ್ಟೆಯೊಳಗನ್ನು ನೋಡುವ ದುರ್ಬೀನಾದ ಲ್ಯಾಪರೋಸ್ಕೋಪು ಒಂದೇ, ಕೆಲವೇ ಗಂಟೆಗಳಲ್ಲಿ 83 ಹೆಂಗಸರು. 13 ಮಂದಿ ಸತ್ತರು. ಕಲಬೆರಕೆ ಮಾತ್ರೆಯೇ ಕಾರಣವೆಂಬ ವಾದವೂ ಆಗ ಎದ್ದಿತು, ಸೋಂಕು ಎಂಬ ವಾದವೂ ಎದ್ದಿತು. ಆ ಜಗಳ ಹಾಗಿರಲಿ, ಒಂದು ಕೂಡುವ ಲೆಕ್ಕ ಮಾಡಿ ನೋಡಿ. ಲ್ಯಾಪರೋಸ್ಕೋಪನ್ನು ಒಬ್ಬರಿಂದ ಇನ್ನೊಬ್ಬರಿಗೆ ಬಳಸುವ ಮುನ್ನ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಕನಿಷ್ಠ 20 ನಿಮಿಷ ಮುಳುಗಿಸಿಡಬೇಕು. 83 ಸಲ 20 ನಿಮಿಷವೆಂದರೆ 27 ಗಂಟೆ 40 ನಿಮಿಷ. ತೊಳೆಯುವುದೂ ಶಸ್ತ್ರಚಿಕಿತ್ಸೆ ಮಾಡುವುದೂ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಮೂರು ಲ್ಯಾಪರೋಸ್ಕೋಪಿರುವ ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನೇ ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಹಾಗಿದ್ದೂ 2022ರ ಆಗಸ್ಟಿನಲ್ಲಿ ತೆಲಂಗಾಣದ ಇಬ್ರಾಹಿಂಪಟ್ಟಣದ ಶಿಬಿರದಲ್ಲಿ ಒಂದೇ ದಿನ 34 ಮಂದಿಗೆ ಶಸ್ತ್ರಚಿಕಿತ್ಸೆಯಾಗಿ ನಾಲ್ವರು ಹೆಂಗಸರು ತೀರಿಕೊಂಡರು.

ಎಲ್ಲ ಹಾನಿಯೂ ಇಷ್ಟು ದೊಡ್ಡ ಸುದ್ದಿಯಾಗುವುದಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿಕೊಂಡವರಿಗೆ ಮೂರ್ನಾಲ್ಕು ವಾರದ ಬಳಿಕ ಹೊಕ್ಕುಳ ಬಳಿಯ ಸಣ್ಣ ಗಾಯದಲ್ಲಿ ಗಂಟಾಗಿ ಕೀವು ಸೋರಲು ಶುರುವಾಗುವುದನ್ನು ನಮ್ಮ ದೇಶದ ಶಸ್ತ್ರವೈದ್ಯರು ಬೇಕಾದಷ್ಟು ಕಂಡಿದ್ದಾರೆ. ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಅದು ಬಗ್ಗುವುದಿಲ್ಲ. ಕ್ಷಯದ ರೋಗಾಣುವಿನ ದೂರದ ನಂಟನಾದ, ನೀರಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ ಕಾರಣ. ಉಪಕರಣವನ್ನು ದ್ರಾವಣದಲ್ಲಿ ಮುಳುಗಿಸಿ ತೆಗೆದು ನಲ್ಲಿ ನೀರಿನಲ್ಲಿ ಜಾಲಿಸಿದಾಗ ಅದು ಒಳಗೆ ಬಂದು ಸೇರುತ್ತದೆ. ಮುಳುಗಿಸುವುದು ಶಾಸ್ತ್ರಕ್ಕೆ ಆಗಿದೆ, ಹೊತ್ತು ಸಾಕಾಗಿಲ್ಲ, ಜಾಲಿಸುವ ನೀರು ಶುದ್ಧವಿಲ್ಲ. ರೋಗಿ ತಿಂಗಳುಗಟ್ಟಲೆ ಔಷಧಿ ನುಂಗುತ್ತಾನೆ, ಮತ್ತೆ ಆಪರೇಷನ್ ಟೇಬಲ್ಲು ಹತ್ತುತ್ತಾನೆ. ತೊಳೆಯುವ ಕೋಣೆಯಲ್ಲಿ ಉಳಿಸಿದ ದುಡ್ಡು ಅವನ ಜೇಬಿನಿಂದ ಹೋಗುತ್ತದೆ.

ಆಸ್ಪತ್ರೆಯವರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಒಂದು ಶಸ್ತ್ರಚಿಕಿತ್ಸೆ ಮುಗಿಯುವಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. "ಸಿಸ್ಟರ್, ಇನ್ನೊಂದು ಸೆಟ್ ಇದೆಯಾ?" ಎಂದು ಡಾಕ್ಟರು ಕೇಳುತ್ತಾರೆ. ಇದೆ ಎಂದರೆ ಸರಿ. ಇಲ್ಲವೆಂದರೆ ಬಲಿಯಾಗುವುದು ಆ 20 ನಿಮಿಷವೇ. ನಾಲ್ಕು ಸೆಟ್ಟಿನ ಜಾಗದಲ್ಲಿ ಎರಡು ಕೊಂಡು ಮಾಡಿದ ಉಳಿತಾಯ, ತೊಳೆಯುವ ಅವಧಿಯನ್ನು ಕತ್ತರಿಸುತ್ತದೆ.

ಬಿಲ್ಲು ಹೇಳಿದಂತೆ ಕುಣಿತ

ಈಗ ದುಡ್ಡಿನ ಮಾತಿಗೆ ಬರೋಣ. ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಉಕ್ಕಿನ ಫೋರ್ಸೆಪ್ಸ್‌ಗೆ ರೋಗಿಯ ಬಿಲ್ಲಿನಲ್ಲಿ ಜಾಗವಿಲ್ಲ. ಅದು ಥಿಯೇಟರ್ ಬಾಡಿಗೆಯೊಳಗೆ ಸೇರಿಹೋಗುತ್ತದೆ. ಬಿಸಾಡುವ ವಸ್ತು ಹಾಗಲ್ಲ. ಗೌನು, ಕೈಗವಸು, ನಳಿಕೆ, ಸ್ಟೇಪ್ಲರ್ ಒಂದೊಂದಕ್ಕೂ ಎಂಆರ್‌ಪಿ ಇದೆ, ಒಂದೊಂದೂ ಪ್ರತ್ಯೇಕ ಸಾಲಾಗಿ ಬರುತ್ತದೆ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ 2018ರ ಫೆಬ್ರುವರಿಯಲ್ಲಿ ದೆಹಲಿ ಸುತ್ತಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಬಳಕೆ ಸಾಮಗ್ರಿಗಳ ಮೇಲಿನ ಲಾಭ ಶೇ 1,737ರವರೆಗೂ ಏರಿತ್ತು. ಹೀಗಿರುವಾಗ ಬಿಸಾಡುವುದನ್ನು ಹೆಚ್ಚಿಸಲು ಆಸ್ಪತ್ರೆಗೆ ಬೇರೆ ಪ್ರೇರಣೆ ಬೇಕೇ? ಇತ್ತ ಕೈಗವಸು, ಮಾಸ್ಕಿನಂಥ ಹಲವು ಸಾಮಗ್ರಿಗಳನ್ನು ಆರೋಗ್ಯ ವಿಮೆ ಕಂಪನಿಗಳು ಪಟ್ಟಿಯಿಂದ ಹೊರಗಿಡುತ್ತವೆ. ಪಾಲಿಸಿ ಇದ್ದವನೂ ಡಿಸ್ಚಾರ್ಜಿನ ದಿನ ಕಿಸೆಯಿಂದ ಎಣಿಸಿಕೊಡಬೇಕಾದ ಮೊತ್ತದಲ್ಲಿ ದೊಡ್ಡ ಪಾಲು ಇವುಗಳದೇ.

ಅದೇ ಆಸ್ಪತ್ರೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡಿನವರೋ ಕೇರಳದ ಕಾರುಣ್ಯ ಯೋಜನೆಯವರೋ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಇಡೀ ಚಿಕಿತ್ಸೆಗೆ ಒಂದು ಪ್ಯಾಕೇಜು ದರ. ಎಷ್ಟು ಸಾಮಗ್ರಿ ಸುರಿದರೂ ಸಿಗುವ ಹಣ ಅಷ್ಟೇ. ಆಗ ಉಳಿತಾಯ ಲಾಭವಾಗುತ್ತದೆ, ಒಮ್ಮೆ ಬಳಸಿ ಎಸೆಯಿರಿ ಎಂದು ಕಂಪನಿ ಬರೆದ ವಸ್ತುವನ್ನೂ ತೊಳೆದು ಇನ್ನೊಬ್ಬರಿಗೆ ಹಾಕುವ ಆಸೆ ಹುಟ್ಟುತ್ತದೆ. ಹೃದಯದ ರಕ್ತನಾಳಕ್ಕೆ ಹೊಗಿಸುವ ಕ್ಯಾಥೆಟರ್, ಬಲೂನುಗಳನ್ನು ಹೀಗೆ ಬಳಸುವ ರೂಢಿ ದೇಶದಲ್ಲಿ ಹಳೆಯದು. ಪ್ಯಾಕೆಟ್ಟಿನ ಮೇಲೆ ವೃತ್ತದೊಳಗೆ 2 ಎಂಬ ಅಂಕಿ ಬರೆದು ಅದರ ಮೇಲೆ ಅಡ್ಡಗೆರೆ ಎಳೆದ ಗುರುತಿರುತ್ತದೆ. ಎರಡನೇ ಸಲ ಬಳಸಬೇಡಿ ಎಂದರ್ಥ. ಒಂದೇ ಗುರುತಿನ ವಸ್ತು ನಗದು ಕೊಡುವವರ ಹಾಸಿಗೆಯಲ್ಲಿ ಎರಡೆರಡು ಸಲ ಬಿಲ್ಲಾಗಬಹುದು, ಕಾರ್ಡಿನವರ ಹಾಸಿಗೆಯಲ್ಲಿ ಎರಡೆರಡು ಸಲ ಬಳಕೆಯಾಗಬಹುದು. ವೈದ್ಯಶಾಸ್ತ್ರ ಎರಡೂ ಕಡೆ ಒಂದೇ, ಹಣ ಬರುವ ದಾರಿ ಬೇರೆ.

ಕೆಲವು ದೇಶಗಳು ಈ ವ್ಯವಹಾರವನ್ನು ಬೆಳಕಿಗೆ ತಂದಿವೆ. ಅಮೆರಿಕದಲ್ಲಿ 2000ದಿಂದೀಚೆಗೆ, ಒಮ್ಮೆ ಬಳಸುವ ಉಪಕರಣವನ್ನು ಶುದ್ಧಗೊಳಿಸಿ ಮತ್ತೆ ಮಾರುವ ಕಂಪನಿ ಮೂಲ ತಯಾರಕನಷ್ಟೇ ಹೊಣೆ ಹೊರಬೇಕು. ಯಾವ ವಸ್ತು ಎಷ್ಟು ಸಲ ತಾಳುತ್ತದೆ ಎಂದು ಪರೀಕ್ಷೆಯಿಂದ ತೋರಿಸಬೇಕು. ನಮ್ಮಲ್ಲಿ ಕದ್ದುಮುಚ್ಚಿ ನಡೆಯುವಾಗ ರೋಗಿಗೆ ಬೆಲೆಯಲ್ಲೂ ರಿಯಾಯಿತಿಯಿಲ್ಲ, ಸುರಕ್ಷತೆಯ ಖಾತ್ರಿಯೂ ಇಲ್ಲ.

ಎಸೆಯಲೇಬೇಕಾದದ್ದು

ಐವತ್ತು ದಾಟಿದವರಿಗೆ ಗಾಜಿನ ಸಿರಿಂಜಿನ ನೆನಪಿರುತ್ತದೆ. ಸ್ಪಿರಿಟ್ ಸ್ಟವ್ವಿನ ಮೇಲೆ ಸ್ಟೀಲಿನ ಡಬ್ಬಿ, ಕುದಿಯುವ ನೀರಿನಲ್ಲಿ ಟಿಣಿಟಿಣಿ ಸದ್ದು, ಮೊಂಡಾದ ಸೂಜಿ. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಸೂಜಿಯ ತೂತು ಕೂದಲಿನಷ್ಟು ಕಿರಿದು, ಅದರೊಳಗನ್ನು ಉಜ್ಜಲಾಗದು, ಕುದಿಸಿದರೆ ಸಾಲದು. ಆದರೆ ಪ್ಲಾಸ್ಟಿಕ್ ಸಿರಿಂಜು ಬಂದ ಮಾತ್ರಕ್ಕೆ ಅಪಾಯ ಹೋಗಲಿಲ್ಲ. ಈ ಶತಮಾನದ ಆರಂಭದಲ್ಲಿ ನಡೆದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಕೊಡುವ ಇಂಜೆಕ್ಷನ್ನುಗಳಲ್ಲಿ ಶೇ 62.9ರಷ್ಟು ಅಸುರಕ್ಷಿತವಾಗಿದ್ದವು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜೀವ ಹೋಯಿತು. ಬಿಸಾಡಬೇಕಾದದ್ದನ್ನು ತೊಳೆದು ಬಳಸುವುದು ಎರಡೂ ಪದ್ಧತಿಗಳ ಕೆಡುಕನ್ನು ಒಟ್ಟಿಗೆ ತರುತ್ತದೆ. ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದ ಸಿರಿಂಜು ಲಸಿಕೆ ಕಾರ್ಯಕ್ರಮಕ್ಕೆ ಬಂದದ್ದು ಈ ಕಾರಣಕ್ಕೇ.

ಕರ್ನಾಟಕ ಇತ್ತೀಚೆಗೆ ಇಂಥದೇ ಒಂದು ತೀರ್ಮಾನ ಮಾಡಿದೆ. ಡಯಾಲಿಸಿಸ್‌ನಲ್ಲಿ ರಕ್ತ ಸೋಸುವ ಕೊಳವೆಗೆ ಡಯಾಲೈಸರ್ ಎನ್ನುತ್ತಾರೆ. ಅದರೊಳಗೆ ಸಾವಿರಾರು ಎಳೆಗಳಿರುತ್ತವೆ. ಅದನ್ನು ತೊಳೆದು, ರಾಸಾಯನಿಕ ತುಂಬಿಟ್ಟು, ಅದೇ ರೋಗಿಗೆ ಮುಂದಿನ ಸಲ ಹಾಕುವುದು ದೇಶದೆಲ್ಲೆಡೆ ಇದ್ದ ಪದ್ಧತಿ. ಹೆಸರಿನ ಚೀಟಿ ಅದಲುಬದಲಾಗಬಾರದು, ಎಳೆಗಳೊಳಗೆ ಹಿಡಿಸುವ ಪ್ರಮಾಣ ಮೊದಲಿನ ಶೇ 80ಕ್ಕಿಂತ ಇಳಿದರೆ ಎಸೆಯಬೇಕು, ತುಂಬಿದ ರಾಸಾಯನಿಕ ಪೂರ್ತಿ ತೊಳೆದುಹೋಗಬೇಕು. ದಿನವಿಡೀ ಪಾಳಿಯ ಮೇಲೆ ಪಾಳಿ ನಡೆಯುವ ತಾಲ್ಲೂಕು ಆಸ್ಪತ್ರೆಯ ಘಟಕದಲ್ಲಿ ಇಷ್ಟೂ ಪ್ರತಿ ಸಲ ಸರಿಯಾಗಿ ಆಗುತ್ತದೆಂದು ನಂಬುವುದು ಕಷ್ಟ. 2024ರಲ್ಲಿ ರಾಜ್ಯ ಸರ್ಕಾರ ತನ್ನ ಡಯಾಲಿಸಿಸ್ ಕೇಂದ್ರಗಳಲ್ಲಿ ಏಕಬಳಕೆಯ ಡಯಾಲೈಸರ್ ಜಾರಿಗೆ ತಂದಿತು. ಇಲ್ಲಿ ಖರ್ಚು ಹೆಚ್ಚಿದರೂ ತೀರ್ಮಾನ ಸರಿ. ಒಳಗನ್ನು ಕಣ್ಣಿಂದ ನೋಡಲಾಗದ, ಬ್ರಷ್ಷಿನಿಂದ ಉಜ್ಜಲಾಗದ, ರಕ್ತ ನೇರವಾಗಿ ಹರಿಯುವ ವಸ್ತು ಒಬ್ಬರಿಗೆ ಒಮ್ಮೆ ಸಾಕು.

ತೊಳೆದು ಗೆದ್ದವರು

ಇನ್ನೊಂದು ತುದಿಯಲ್ಲಿ ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯಿದೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಶುರುಮಾಡಿದ ಸಂಸ್ಥೆ. ಅಲ್ಲಿ ಒಬ್ಬ ಶಸ್ತ್ರವೈದ್ಯರ ಅಕ್ಕಪಕ್ಕ ಎರಡು ಟೇಬಲ್ಲು. ಒಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುವಾಗ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಉಪಕರಣದ ಸೆಟ್ಟುಗಳು ಸಾಕಷ್ಟಿವೆ, ಒಂದು ಬಳಕೆಯಲ್ಲಿರುವಾಗ ಇನ್ನೊಂದು ಆವಿಯಲ್ಲಿರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಪೊರೆ ಶಸ್ತ್ರಚಿಕಿತ್ಸೆಯೊಂದರಿಂದ ಹೊಮ್ಮುವ ಅನಿಲವನ್ನು ಸುಮಾರು 6 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ ಎಂದು ಲೆಕ್ಕಹಾಕಿತು. ಬ್ರಿಟನ್ನಿನಲ್ಲಿ ಇದೇ ಶಸ್ತ್ರಚಿಕಿತ್ಸೆಯ ಲೆಕ್ಕ ಇದರ ಇಪ್ಪತ್ತು ಪಟ್ಟಿನಷ್ಟು. ಅರವಿಂದದಲ್ಲಿ ಒಂದು ಶಸ್ತ್ರಚಿಕಿತ್ಸೆಗೆ ಹುಟ್ಟುವ ಕಸ ಕಾಲು ಕೆ.ಜಿ. ಇಷ್ಟಾಗಿಯೂ ಕಣ್ಣಿನ ಸೋಂಕಿನ ಪ್ರಮಾಣ ಶ್ರೀಮಂತ ದೇಶಗಳ ಆಸ್ಪತ್ರೆಗಳಿಗಿಂತ ಕಡೆಯಾಗಿಲ್ಲ. ಅಲ್ಲಿನ ವೈದ್ಯರೇ ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ದಾಖಲೆ ಪರಿಶೀಲಿಸಿ, ಕಣ್ಣೊಳಗೆ ಆ್ಯಂಟಿಬಯೋಟಿಕ್ ಬಿಡುವ ಕ್ರಮದಿಂದ ಸೋಂಕು ಶೇ 0.07ರಿಂದ 0.02ಕ್ಕೆ ಇಳಿದದ್ದನ್ನು ತೋರಿಸಿದ್ದಾರೆ.

ಈ ಯಶಸ್ಸಿನ ಗುಟ್ಟು ಲೆಕ್ಕದ ಪುಸ್ತಕ. ಯಾವ ರೋಗಿಗೆ ಯಾವ ದಿನ ಯಾವ ಸೆಟ್ಟು, ಸೋಂಕು ಬಂತೇ ಇಲ್ಲವೇ ಎಂಬುದು ಬರೆದಿಟ್ಟಿರುತ್ತದೆ. ಒಂದು ಕಣ್ಣು ಕೆಂಪಾದರೂ ಹಿಂದಕ್ಕೆ ಹೋಗಿ ಹುಡುಕಬಹುದು. ನಮ್ಮ ಬಹಳಷ್ಟು ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಯ ಸಂಖ್ಯೆಯನ್ನು ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆಯುತ್ತವೆ, ಸೋಂಕಿನ ಸಂಖ್ಯೆಯನ್ನು ಬರೆಯುವುದಿಲ್ಲ. ಆ ಸಂಖ್ಯೆ ಇಲ್ಲದೆ ತೊಳೆಯುವುದು ಸುರಕ್ಷಿತವೋ ಎಸೆಯುವುದೋ ಎಂಬ ವಾದವೆಲ್ಲ ಬರೀ ಅಭಿಪ್ರಾಯ.

ಚೀಲದ ಪ್ರಯಾಣ

ಎಸೆದ ವಸ್ತುವಿಗೂ ಒಂದು ದಾರಿಯಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತಸಿಕ್ತ ಬಟ್ಟೆ, ಅಂಗಾಂಶ ಹಳದಿ ಚೀಲಕ್ಕೆ. ನಳಿಕೆ, ಕೈಗವಸು, ಸೂಜಿ ಕಳಚಿದ ಸಿರಿಂಜು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಹಳದಿಯದು ಸುಡಲು, ಕೆಂಪಿನದು ಆಟೋಕ್ಲೇವ್ ಮಾಡಿ ಚೂರುಚೂರು ಮಾಡಲು. ಒಮ್ಮೆ ಬಳಸಿದ ನಳಿಕೆಯೂ ಕೊನೆಗೆ ಆವಿಯ ಯಂತ್ರಕ್ಕೇ ಹೋಗಬೇಕು. ನಿಯಮದಂತೆ 48 ಗಂಟೆ ಮೀರಿ ಈ ತ್ಯಾಜ್ಯವನ್ನು ಇಟ್ಟುಕೊಳ್ಳುವಂತಿಲ್ಲ. ಸಂಸ್ಕರಣಾ ಘಟಕ ಸಾಮಾನ್ಯವಾಗಿ 75 ಕಿಲೋಮೀಟರಿನೊಳಗೆ, ಹಾಸಿಗೆಗಳು ಕಡಿಮೆಯಿರುವ ಕಡೆ 150 ಕಿಲೋಮೀಟರಿನೊಳಗೆ ಇರಬೇಕು.

ಭಾರತೀಯ ವೈದ್ಯಕೀಯ ಸಂಘದ ಕೇರಳ ಶಾಖೆ ಈ ಶತಮಾನದ ಆರಂಭದಲ್ಲಿ ಪಾಲಕ್ಕಾಡಿನಲ್ಲಿ 'ಇಮೇಜ್' ಎಂಬ ಸಾಮೂಹಿಕ ಘಟಕ ತೆರೆಯಿತು. ಬಹುಕಾಲ ಕೇರಳದ ಆಸ್ಪತ್ರೆಗಳ ಭಾರವೆಲ್ಲ ಅದರ ಮೇಲೇ ಬಿದ್ದಿತ್ತು. ವಯನಾಡಿನ ಬೆಟ್ಟದ ಮೇಲಿನ ಆಸ್ಪತ್ರೆಯಿಂದ ಅಲ್ಲಿಗೆ ಹೋಗುವ ಚೀಲ ಘಾಟಿ ಇಳಿದು ದೂರ ಸಾಗಬೇಕು. ಸಾಗಣೆಗೆ, ಸಂಸ್ಕರಣೆಗೆ ಆಸ್ಪತ್ರೆ ಶುಲ್ಕ ಕೊಡಬೇಕು. ಆ ಶುಲ್ಕ ಉಳಿಸುವವರಿಗೂ ಚೀಲವನ್ನು ಮಾಮೂಲಿ ಕಸದೊಡನೆ ಬೆರೆಸುವವರಿಗೂ ಗಡಿಯಾಚೆ ಖಾಲಿ ಹೋಗುವ ಲಾರಿ ಅಗ್ಗದ ದಾರಿಯಾಗುತ್ತದೆ. ಟೆಂಡರಿನಲ್ಲಿ ಕೈಗವಸಿನ ಬೆಲೆ ಕಡಿಮೆ ಕಂಡಿದ್ದು ಇದನ್ನೆಲ್ಲ ಬಿಟ್ಟು. ಮಿಕ್ಕದ್ದನ್ನು ಬಂಡೀಪುರದ ಅಂಚಿನ ರೈತನೂ ಅವನ ದನವೂ ಬಾವಿಯೂ ತೆರುತ್ತವೆ.

ಹಾಗಾದರೆ ಏನು ಮಾಡಬೇಕು?

ಎಲ್ಲವನ್ನೂ ತೊಳೆಯಿರಿ ಎನ್ನುವವರೂ ಎಲ್ಲವನ್ನೂ ಎಸೆಯಿರಿ ಎನ್ನುವವರೂ ಆಸ್ಪತ್ರೆಯನ್ನು ಒಂದೇ ಕೋಣೆ ಎಂದುಕೊಂಡಿದ್ದಾರೆ. ಸೂಜಿ, ಸಿರಿಂಜು, ಬ್ಲೇಡು, ಹೊಲಿಗೆ ದಾರ, ರಕ್ತ ಹರಿಯುವ ನಳಿಕೆ, ಡಯಾಲೈಸರ್ ಒಮ್ಮೆಗೇ ಸಾಕು, ಎರಡನೇ ಮಾತಿಲ್ಲ. ಕತ್ತರಿ, ಫೋರ್ಸೆಪ್ಸ್, ರಿಟ್ರಾಕ್ಟರಿನಂಥ ಗಟ್ಟಿ ಉಕ್ಕಿನ ವಸ್ತುಗಳನ್ನೂ ಹಸಿರು ಬಟ್ಟೆಯ ಗೌನು, ಹೊದಿಕೆಗಳನ್ನೂ ತೊಳೆದು ಆವಿಯಲ್ಲಿಟ್ಟು ಬಳಸುವುದೇ ಸರಿ. ನಡುವಿನವು ಕಷ್ಟದವು: ಲ್ಯಾಪರೋಸ್ಕೋಪಿಯ ಸಪೂರ ಉಪಕರಣಗಳು, ಎಂಡೋಸ್ಕೋಪು. 2015ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ, ತುದಿಯಲ್ಲಿ ಸಣ್ಣ ಕೀಲಿದ್ದ ಎಂಡೋಸ್ಕೋಪಿನಿಂದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹಬ್ಬಿತು. ಇಂಥವಕ್ಕೆ ತೊಳೆಯಲು ಬರುವಂಥ ವಿನ್ಯಾಸ ಬೇಕು, ಇಲ್ಲವೇ ಎಸೆಯಬಹುದಾದ ತುದಿ ಬೇಕು.

ಸಣ್ಣ ಆಸ್ಪತ್ರೆಯ ಪ್ರಶ್ನೆ ಬೇರೆ. ವಯನಾಡಿನ ನೂಲ್ಪುಳದ ಕುಟುಂಬ ಆರೋಗ್ಯ ಕೇಂದ್ರದಂಥ ಜಾಗದಲ್ಲಿ ಗಾಯ ಹೊಲಿಯುವ, ಡ್ರೆಸ್ಸಿಂಗ್ ಮಾಡುವ ಕೆಲವೇ ಸೆಟ್ಟುಗಳಿಗೆ ದೊಡ್ಡ ಯಂತ್ರ ಓಡಿಸುವುದು ದಂಡ. ಹಾಗೆಂದು ಉಕ್ಕಿನ ಕತ್ತರಿಯನ್ನೂ ಎಸೆಯುವುದು ಅತಿರೇಕ. ಕೊಳೆಯಾದ ಟ್ರೇಗಳನ್ನು ಸುಲ್ತಾನ್ ಬತ್ತೇರಿಯ ತಾಲ್ಲೂಕು ಆಸ್ಪತ್ರೆಗೆ ಕಳಿಸಿ, ಅಲ್ಲಿ ತರಬೇತಿ ಪಡೆದವರು ತೊಳೆದು ಪ್ಯಾಕ್ ಮಾಡಿ ವಾಪಸು ಕಳಿಸುವ ಏರ್ಪಾಡು ಆಗಬಹುದು. ಗುಂಡ್ಲುಪೇಟೆಯ ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಇದೇ ಸೂತ್ರ. ಔಷಧಿ ತರುವ ವಾಹನ ಹೇಗೂ ಬಂದು ಹೋಗುತ್ತದೆ.

ಇದಕ್ಕೆಲ್ಲ ಮೊದಲು ಸರ್ಕಾರದ ಟೆಂಡರು ಬದಲಾಗಬೇಕು. ಕೇರಳದ ಮೆಡಿಕಲ್ ಸರ್ವಿಸಸ್ ಕಾರ್ಪೊರೇಷನ್ ಇರಲಿ, ಕರ್ನಾಟಕದ ವೈದ್ಯಕೀಯ ಸರಬರಾಜು ನಿಗಮ ಇರಲಿ, ಕಡಿಮೆ ದರ ಕೂಗಿದವರಿಗೆ ಮಣೆ ಎಂಬ ನಿಯಮ ಕೊಳ್ಳುವ ಬೆಲೆಯನ್ನಷ್ಟೇ ನೋಡುತ್ತದೆ. ಎಸೆಯುವ ವಸ್ತುವಿನ ದರದ ಪಕ್ಕದಲ್ಲಿ ಅದರ ತ್ಯಾಜ್ಯ ಸಾಗಿಸಿ ಸಂಸ್ಕರಿಸುವ ಖರ್ಚು ಬರೆಯಲಿ. ತೊಳೆಯುವ ವಸ್ತುವಿನ ಪಕ್ಕದಲ್ಲಿ ನೀರು, ಕರೆಂಟು, ಸಂಬಳ ಬರೆಯಲಿ. ಆಗ ಎರಡರ ನಿಜವಾದ ಬೆಲೆ ಒಂದೇ ಪುಟದಲ್ಲಿ ಸಿಗುತ್ತದೆ. ಪ್ರತಿ ಬ್ಯಾಚಿನ ಮಾದರಿಯನ್ನು ಆಸ್ಪತ್ರೆಗೆ ಹೋಗುವ ಮೊದಲೇ ಪರೀಕ್ಷಿಸುವ ಖರ್ಚೂ ಅಲ್ಲಿ ಸೇರಲಿ, ಮಿಂಟೋ ಮತ್ತು ಬಳ್ಳಾರಿಗಳ ಬಳಿಕ ಅದನ್ನು ದುಂದು ಎನ್ನುವಂತಿಲ್ಲ. ಪ್ಯಾಕೇಜು ದರ ನಿಗದಿ ಮಾಡುವವರು ಏಕಬಳಕೆಯ ಸಾಮಗ್ರಿಗೆ ತಕ್ಕ ಹಣ ಸೇರಿಸಲಿ. ಸೇರಿಸಿದ ಮೇಲೆ ಅದನ್ನು ತೊಳೆದು ಬಳಸಿದವರನ್ನು ಯೋಜನೆಯಿಂದ ಹೊರಗಿಡಲಿ.

ಇನ್ನು ಜನ. ಶಾಸಕರು ಆಸ್ಪತ್ರೆಗೆ ಹೊಸ ಕಟ್ಟಡ, ಹೊಸ ಸ್ಕ್ಯಾನಿಂಗ್ ಯಂತ್ರ ಉದ್ಘಾಟಿಸುವಾಗ ಚಪ್ಪಾಳೆ ತಟ್ಟುತ್ತೇವೆ. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೂರುವವರು ಇನ್ನೆರಡು ಪ್ರಶ್ನೆ ಕೇಳಿದರೆ ಅದಕ್ಕಿಂತ ಹೆಚ್ಚಿನ ಉಪಕಾರ: ಕಳೆದ ತಿಂಗಳು ಆಪರೇಷನ್ ಆದವರಲ್ಲಿ ಎಷ್ಟು ಮಂದಿಗೆ ಸೋಂಕಾಯಿತು? ಉಪಕರಣ ತೊಳೆಯಲು ತರಬೇತಿ ಪಡೆದ ಎಷ್ಟು ಮಂದಿ ಇದ್ದಾರೆ, ಎಷ್ಟು ಹುದ್ದೆ ಖಾಲಿ ಇವೆ? ಮೊದಲನೆಯದಕ್ಕೆ ಪುಸ್ತಕ ತೆರೆದು ಉತ್ತರ ಕೊಡಬಲ್ಲ ಆಸ್ಪತ್ರೆಯಲ್ಲಿ ತೊಳೆದದ್ದನ್ನೂ ಹೊಸದನ್ನೂ ನಂಬಬಹುದು. ಎರಡನೆಯದಕ್ಕೆ ಉತ್ತರವಿಲ್ಲದ ಕಡೆ ಎಷ್ಟು ದುಬಾರಿ ಪ್ಯಾಕೆಟ್ಟು ಹರಿದರೂ ರೋಗಿ ಸುರಕ್ಷಿತನಲ್ಲ.